ಅಪ್‌ಡೇಟ್: ಅಪ್ಪನ ಕಾಲು ಬಾವು ಯಾಕೆಂದು ಗೊತ್ತಾಯಿತು

ಸಿಂಧನೂರಿನಲ್ಲಿರುವ ನಮ್ಮ ಅಪ್ಪನಿಗೆ ಕಾಲು ಬಾವು, ಮೂತ್ರದಲ್ಲಿ ನೊರೆ, ಎದ್ದು ನಿಂತರೆ ತಲೆಸುತ್ತು, ಆದರೆ ಶುಗರ್ ಇಲ್ಲ, ಏನಿರಬಹುದು ಎಂದು ಕೇಳಿದ್ದೆ. ಈಗ ಗೊತ್ತಾಗಿದೆ: ಎಎಲ್ ಅಮೈಲಾಯ್ಡೋಸಿಸ್, ಅಂದರೆ ಕೆಟ್ಟ ಪ್ರೋಟೀನ್ ಅಂಗಗಳಲ್ಲಿ ಸೇರಿಕೊಳ್ಳುವ ಕಾಯಿಲೆ.

ಮೊದಲು ಅನುಮಾನ ಬಂದದ್ದು ರಾಯಚೂರಿನ ಹೃದಯದ ಡಾಕ್ಟರಿಗೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಗೋಡೆ ದಪ್ಪ ಕಾಣಿಸಿತ್ತು, ಇಸಿಜಿಯ ಗೆರೆಗಳು ಮಾತ್ರ ಚಿಕ್ಕವಿದ್ದವು. ಬಿಪಿಯಿಂದ ಗೋಡೆ ದಪ್ಪವಾಗಿದ್ದರೆ ಗೆರೆಗಳು ಸಾಮಾನ್ಯವಾಗಿ ದೊಡ್ಡದಿರುತ್ತವಂತೆ. ಅವರು ಸುಮ್ನೆ ಬಾವು ಇಳಿಯುವ ಮಾತ್ರೆ ಬರೆದು ಬಿಡಲಿಲ್ಲ, ಹೈದರಾಬಾದಿಗೆ ಕಳಿಸಿದರು. ಅದಕ್ಕೆ ನಾವು ಯಾವಾಗಲೂ ಋಣಿ.

ಅಲ್ಲಿ ರಕ್ತದಲ್ಲಿ ಫ್ರೀ ಲೈಟ್ ಚೈನ್ ಎಂಬ ಪ್ರೋಟೀನ್ ಎಷ್ಟಿದೆ ಎಂಬ ಪರೀಕ್ಷೆ, ಮೂಳೆ ಮಜ್ಜೆ ಪರೀಕ್ಷೆ ಆದವು. ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಚೂರು ತೆಗೆದು ಕಾಂಗೋ ರೆಡ್ ಬಣ್ಣ ಹಾಕಿದರು. ಪೋಲರೈಸ್ಡ್ ಬೆಳಕಿನಲ್ಲಿ ಹಸಿರು ಹೊಳೆಯಿತು, ಅದೇ ಈ ಕಾಯಿಲೆಯ ಗುರುತು. ಎಎಲ್ ಬಗೆಯಲ್ಲಿ ಮಜ್ಜೆಯ ಪ್ಲಾಸ್ಮಾ ಕಣಗಳು ಕೆಟ್ಟ ಲೈಟ್ ಚೈನ್ ಪ್ರೋಟೀನ್ ತಯಾರಿಸುತ್ತವೆ, ಅದು ಎಳೆ ಎಳೆಯಾಗಿ ಕಿಡ್ನಿ, ಹೃದಯದಲ್ಲಿ ಸೇರಿಕೊಳ್ಳುತ್ತದೆ. ಅಮೈಲಾಯ್ಡೋಸಿಸ್‌ನಲ್ಲಿ ಬೇರೆ ಬಗೆಗಳೂ ಇವೆ, ಯಾವ ಬಗೆ ಎಂದು ಖಚಿತವಾಗದೆ ಚಿಕಿತ್ಸೆ ಶುರು ಮಾಡಬಾರದು. ಟಿಟಿಆರ್ ಎಂಬ ಬಗೆಯಲ್ಲಿ ಪ್ರೋಟೀನ್ ಹೆಚ್ಚಾಗಿ ಲಿವರ್‌ನಿಂದ ಬರುತ್ತದೆ, ಅದಕ್ಕೆ ಕೀಮೋ ಕೊಟ್ಟು ಉಪಯೋಗವಿಲ್ಲ.

ಈಗ ಬೋರ್ಟೆಜೊಮಿಬ್, ಸೈಕ್ಲೋಫಾಸ್ಫಮೈಡ್, ಡೆಕ್ಸಾಮೆಥಾಸೋನ್ ಎಂಬ ಔಷಧಿಗಳ ಚಿಕಿತ್ಸೆ ನಡೆದಿದೆ. 2021ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಡಾರಾಟುಮುಮಾಬ್ ಎಂಬ ಔಷಧಿ ಸೇರಿಸಿದರೆ ಇನ್ನೂ ಒಳ್ಳೆಯದು ಎಂದಿದ್ದಾರೆ. ಬೆಲೆ ಜಾಸ್ತಿ, ಹಣ ಹೊಂದಿಸುತ್ತಿದ್ದೇವೆ.

ಲೈಟ್ ಚೈನ್ ಇಳಿಯುತ್ತಿದೆ. ಬಾವು ಇನ್ನೂ ಇದೆ. ಕಿಡ್ನಿ, ಹೃದಯ ಸುಧಾರಿಸಲು ತಿಂಗಳುಗಳೇ ಬೇಕಂತೆ. ಉಪ್ಪು ಕಡಿಮೆ ಮಾಡಿಸಿದ್ದೇವೆ, ರೊಟ್ಟಿ ಜೊತೆ ಉಪ್ಪಿನಕಾಯಿ ಬಿಡಿಸುವುದೇ ಅಮ್ಮನಿಗೆ ದೊಡ್ಡ ಕೆಲಸವಾಗಿದೆ. ಮೂತ್ರದ ಪ್ರೋಟೀನ್ ಪರೀಕ್ಷೆ ತಡಮಾಡದೆ ಮಾಡಿಸಿ ಎಂದು ಹೇಳಿದ್ದವರಿಗೆಲ್ಲ ಮನಸಾರೆ ಧನ್ಯವಾದ.