ಕಾಕಾ, ಒಡೆದದ್ದು ಎಡಗಡೆ ಕನ್ನಡಿ ಅಲ್ವಾ?

ಕಾಕಾ, ನಮಸ್ಕಾರ. ಮುಂಜಾನೆಯಿಂದ ನಮ್ಮ ಮನೆಯವರ ಗ್ರೂಪಿನಲ್ಲಿ ನಡೆದ ಜಗಳ ಎಲ್ಲಾ ಓದಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೇ ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು. ವೈನಿ, ನೀವು ರೊಟ್ಟಿ ಬಡಿಯುತ್ತಾ ಕೇಳಿ, ಅರ್ಧಕ್ಕೆ ನಿಲ್ಲಿಸಬೇಡಿ ಅಷ್ಟೇ.

ಅತ್ತಿ, ನೀವು ಏನಾಯಿತು ಅಂತ ಕೇಳಿದ್ದಿರಿ, ಯಾರೂ ಹೇಳಲಿಲ್ಲ. ನಿನ್ನೆ ಸಂಜೆ ನಮ್ಮ ಕಲಬುರಗಿಯ ಗಂಜ್ ಮಾರ್ಕೆಟ್ ಹತ್ತಿರ ಒಬ್ಬ ಸೈಕಲ್‌ನವನ ಹ್ಯಾಂಡಲ್ ಕಾಕಾನ ಕಾರಿನ ಕನ್ನಡಿಗೆ ತಾಗಿ ಗಾಜು ಒಡೆಯಿತು. ಅವನು ನಿಲ್ಲದೆ ಹೋಗಿಬಿಟ್ಟ. ಕಾಕಾ ಸಿಟ್ಟಿನಲ್ಲಿ "ಇವರನ್ನು ಮೇನ್ ರೋಡಿಗೆ ಬಿಡಲೇಬಾರದು, ಟ್ಯಾಕ್ಸ್ ಇಲ್ಲ, ಲೈಸೆನ್ಸ್ ಇಲ್ಲ, ನಡು ರೋಡಿನಲ್ಲಿ ಬರುತ್ತಾರೆ" ಅಂತ ಬರೆದರು. ಅದಕ್ಕೆ ನಮ್ಮ ಸಣ್ಣ ತಮ್ಮ, ಅದೇ ಭಾನುವಾರ ಗೇರ್ ಸೈಕಲ್ ಹತ್ತಿ ಬುದ್ಧ ವಿಹಾರದ ತನಕ ಹೋಗಿ ಫೋಟೋ ಹಾಕುವವನು, "ಕಾರಿನವರಿಗೆ ಸೊಕ್ಕು ಜಾಸ್ತಿ" ಅಂದ. ಅಲ್ಲಿಂದ ಹೊತ್ತಿಕೊಂಡಿತು.

ಈಗ ಕಾಕಾ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ಒಡೆದದ್ದು ಎಡಗಡೆ ಕನ್ನಡಿ ಅಂತ ನೀವೇ ಫೋಟೋ ಹಾಕಿದ್ದೀರಿ. ಅಂದರೆ ಅವನು ನಿಮ್ಮ ಎಡಕ್ಕೆ ಇದ್ದ. ನೀವು ಅವನನ್ನು ದಾಟುತ್ತಿದ್ದಿರಿ. ಅವನು ನಡು ರೋಡಿನಲ್ಲಿ ಇದ್ದಿದ್ದರೆ ಬಂಪರ್‌ಗೆ ಸಿಗುತ್ತಿದ್ದ, ಕನ್ನಡಿಗೆ ಹ್ಯಾಂಡಲ್ ತಾಗಿದೆ ಅಂದರೆ ನಿಮ್ಮಿಬ್ಬರ ನಡುವೆ ಒಂದು ಗೇಣು ಜಾಗವೂ ಉಳಿದಿರಲಿಲ್ಲ. ಅವನು ಯಾಕೆ ನಿಲ್ಲಲಿಲ್ಲ ಅಂತೀರಾ? ನಿಂತಿದ್ದರೆ ನಾಲ್ಕು ಜನ ಸೇರುತ್ತಿದ್ದರು, ಕಾರಿನವರು ಹೇಳಿದ್ದೇ ಖರೆ ಆಗುತ್ತಿತ್ತು, ಕಪಾಳಕ್ಕೆ ಎರಡು ಬೀಳುತ್ತಿದ್ದವು. ಅವನಿಗೆ ಅದು ಗೊತ್ತು. ಹಾಗಂತ ಓಡಿಹೋದದ್ದು ಸರಿ ಅಂತ ನಾನು ಹೇಳುವುದಿಲ್ಲ.

ನಾನು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ನಿಮಗೆ ಗೊತ್ತೇ ಇದೆ. ಕಪನೂರು ಇಂಡಸ್ಟ್ರಿಯಲ್ ಏರಿಯಾಕ್ಕೆ ದಿನಾ ಬರುವ ಹಮಾಲರಲ್ಲಿ ಎಷ್ಟೋ ಜನ ಇನ್ನೂ ಸೈಕಲ್ ಮೇಲೇ ಬರುತ್ತಾರೆ. ಅವರ ಸೈಕಲ್ ಒಂದು ಸಲ ಹತ್ತಿರದಿಂದ ನೋಡಿ ಕಾಕಾ. ಹ್ಯಾಂಡಲ್‌ಗೆ ಊಟದ ಡಬ್ಬಿ, ಒಂದೇ ಕಡೆ ತೂಗುತ್ತಿರುತ್ತದೆ. ಹಿಂದೆ ಕ್ಯಾರಿಯರ್ ಮೇಲೆ ಮಡಚಿದ ಗೋಣಿಚೀಲ, ಅದಕ್ಕೆ ಟ್ಯೂಬಿನ ತುಂಡು ಬಿಗಿದಿರುತ್ತದೆ. ಬ್ರೇಕಿನ ರಬ್ಬರ್ ಸವೆದು ಹೋಗಿ, ನಿಲ್ಲಬೇಕಾದರೆ ಚಪ್ಪಲಿ ನೆಲಕ್ಕೆ ಉಜ್ಜುತ್ತಾರೆ. ಮಡ್ಗಾರ್ಡ್ ಮೇಲಿನ ಕೆಂಪು ರಿಫ್ಲೆಕ್ಟರ್ ಮೇಲೆ ಬೇಳೆ ಹೊಟ್ಟಿನ ಧೂಳು ಕೂತು ಕೂತು ಅದು ಕೆಂಪು ಅಂತಲೇ ಗೊತ್ತಾಗುವುದಿಲ್ಲ. ಇಂಥ ಸೈಕಲ್ ನೆಟ್ಟಗೆ ಓಡುವುದಿಲ್ಲ. ಯಾವ ಸೈಕಲ್ಲೂ ನಿಧಾನಕ್ಕೆ ಹೋಗುವಾಗ ಆ ಕಡೆ ಈ ಕಡೆ ಹೊಯ್ದಾಡಿಯೇ ತೂಕ ಹಿಡಿಯಬೇಕು, ಭಾರ ಇದ್ದರೆ ಇನ್ನೂ ಜಾಸ್ತಿ. ನೀವು ಹಿಂದಿನಿಂದ ಜೋರಾಗಿ ಹಾರ್ನ್ ಒತ್ತಿದರೆ ಅವನು ತಿರುಗಿ ನೋಡುತ್ತಾನೆ, ತಿರುಗಿ ನೋಡಿದ ಕಡೆಗೇ ಹ್ಯಾಂಡಲ್ಲೂ ಎಳೆಯುತ್ತದೆ.

ತಮ್ಮಾ, ನಿನಗೂ ಒಂದು ಮಾತು. ನೀನು ಸೈಕಲ್ ಪರವಾಗಿ ಬರೆದೆ, ಸಂತೋಷ. ಆದರೆ ನೀನೂ ಕಾಕಾನೂ ಜಗಳ ಆಡುತ್ತಿರುವುದು ಯಾರ ಬಗ್ಗೆಯೋ ಅವರು ಈ ಗ್ರೂಪಿನಲ್ಲೇ ಇಲ್ಲ. ನಿನಗೆ ಹೆಲ್ಮೆಟ್ ಇದೆ, ಹಿಂದೆ ಮಿಣಿಮಿಣಿ ಲೈಟ್ ಇದೆ, ಬೇಡ ಅನಿಸಿದ ದಿನ ಮನೆಯಲ್ಲಿ ಮಲಗಬಹುದು. ಹಮಾಲನಿಗೆ, ಗೌಂಡಿಗೆ, ರಾತ್ರಿ ಪಾಳಿ ವಾಚ್‌ಮನ್‌ಗೆ ರಜೆ ಇಲ್ಲ. ಏಪ್ರಿಲ್, ಮೇ ಬಂತು ಅಂದರೆ ಇಲ್ಲಿ 42 ಡಿಗ್ರಿ ದಾಟುತ್ತದೆ, ಆ ಝಳಕ್ಕೆ ಹೆದರಿ ನಸುಕಿನಲ್ಲೇ ಹೊರಡುತ್ತಾರೆ, ವಾಪಸ್ ಬರುವುದು ಕತ್ತಲಾದ ಮೇಲೆ. ಅಂದರೆ ರೋಡು ಸರಿಯಾಗಿ ಕಾಣದ ಹೊತ್ತಿನಲ್ಲೇ ಅವರ ಓಡಾಟ.

ಇನ್ನು "ನಡು ರೋಡಿಗೆ ಯಾಕೆ ಬರುತ್ತಾರೆ" ಅನ್ನುವ ಪ್ರಶ್ನೆ. ಕಾಕಾ, ನಾಳೆ ಗಂಜಿನಿಂದ ಹುಮನಾಬಾದ್ ರೋಡಿನ ತನಕ ಕಾರಿನಲ್ಲಿ ಹೋಗುವಾಗ ಎದುರಿನ ಗಾಡಿಗಳನ್ನು ಬಿಟ್ಟು ರೋಡಿನ ಎಡ ಅಂಚು ಮಾತ್ರ ನೋಡುತ್ತಾ ಹೋಗಿ. ಕಾಕಿ ಓಡಿಸಲಿ, ನೀವು ಬಾಜು ಕೂತು ನೋಡಿ. ಮೊದಲು ಅಂಗಡಿ ಮುಂದೆ ಓರೆಯಾಗಿ ನಿಲ್ಲಿಸಿದ ಬೈಕ್‌ಗಳ ಸಾಲು. ಅದು ಮುಗಿದ ಕೂಡಲೇ ಆಟೋ, ಮಂದಿ ಹತ್ತಿಸಿಕೊಳ್ಳಲು ನಿಂತದ್ದು. ಆಮೇಲೆ ಹಣ್ಣಿನ ಬಂಡಿ. ಅದರ ಆಚೆ ಯಾರೋ ಮನೆ ಕಟ್ಟಲು ಸುರಿಸಿದ ಉಸುಕು, ಅರ್ಧ ರೋಡಿನ ಮೇಲೆ ಹರಡಿರುತ್ತದೆ, ಸೈಕಲ್ ಚಕ್ರ ಅದರೊಳಗೆ ಹೋದರೆ ಜಾರಿ ಬೀಳುವುದೇ. ಆಮೇಲೆ ಡಾಂಬರು ಮುಗಿಯುವ ಕಡೆ ನಾಲ್ಕು ಬೆರಳು ಎತ್ತರದ ಕಡಕು, ಇಳಿದರೆ ಮತ್ತೆ ಹತ್ತಲು ಆಗುವುದಿಲ್ಲ. ಮಳೆ ಬಂದರೆ ಕೇಳಲೇಬೇಡಿ, ನಮ್ಮ ಕರಿ ಮಣ್ಣು ಟೈರಿಗೆ ಮೆತ್ತಿಕೊಂಡು ಮಡ್ಗಾರ್ಡೇ ಜಾಮ್ ಆಗುತ್ತದೆ. ಸೈಕಲ್‌ನವನು ಇವನ್ನೆಲ್ಲ ಒಂದೊಂದಾಗಿ ತಪ್ಪಿಸಿಕೊಳ್ಳುತ್ತಾ ಒಳಗೆ ಹೊರಗೆ ಹಾವಿನ ಹಾಗೆ ಹೋದರೆ ನಿಮಗೆ ಇನ್ನೂ ಕಷ್ಟ. ಅವನು ಅಂಚಿನಿಂದ ಮೂರಡಿ ಬಿಟ್ಟು ನೆಟ್ಟಗೆ ಒಂದೇ ಗೆರೆಯಲ್ಲಿ ಹೋಗುವುದೇ ಎಲ್ಲರಿಗೂ ಒಳ್ಳೆಯದು, ಮುಂದೆ ಎಲ್ಲಿ ಇರುತ್ತಾನೆ ಅಂತ ನಿಮಗೂ ಗೊತ್ತಾಗುತ್ತದೆ.

ನಿಂತ ಕಾರಿನ ಬಾಗಿಲು ಇನ್ನೊಂದು. ಡ್ರೈವರ್ ಕಡೆ ಬಾಗಿಲನ್ನು ಬಲಗೈಯಲ್ಲಿ ತೆಗೆಯುವುದು ನಮಗೆಲ್ಲ ರೂಢಿ. ಎಡಗೈಯಲ್ಲಿ ತೆಗೆದು ನೋಡಿ. ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿ ಮೇಲೆ ಬಿದ್ದು ಹಿಂದೆ ಬರುವವರು ಕಾಣುತ್ತಾರೆ. ನೆದರ್ಲ್ಯಾಂಡ್ಸ್‌ನಲ್ಲಿ ಇದು ಹಳೆಯ ಅಭ್ಯಾಸವಂತೆ. ಮನೆಯ ಮಕ್ಕಳಿಗೂ ಕಲಿಸಿ, ಶಾಲೆ ಮುಂದೆ ಎಡಗಡೆ ಬಾಗಿಲು ಧಡ್ ಅಂತ ತೆಗೆಯುವುದು ಅವರೇ. ಆ ಕಡೆ ಅವರು ಬಲಗೈ ಬಳಸಬೇಕು.

ಟ್ಯಾಕ್ಸ್ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಜಾಸ್ತಿ ಹುರುಳಿಲ್ಲ. ಸೈಕಲ್‌ಗೆ ರೋಡ್ ಟ್ಯಾಕ್ಸ್ ಇಲ್ಲ, ಖರೆ. ಮೋಟಾರು ವಾಹನ ಕಾಯ್ದೆ ಇರುವುದೇ ಇಂಜಿನ್ ಗಾಡಿಗೆ, ಅದಕ್ಕೇ ಲೈಸೆನ್ಸೂ ಕೇಳುವುದಿಲ್ಲ. ಆದರೆ ಸೈಕಲ್ ಕೊಳ್ಳುವಾಗ ಜಿಎಸ್‌ಟಿ ಕಟ್ಟಿಯೇ ಕೊಳ್ಳುತ್ತಾರೆ, ಮೊದಲು 12% ಇತ್ತು, 2025ರ ಸೆಪ್ಟೆಂಬರ್ 22ರಿಂದ 5%. ಅವನು ಬೀಡಿ ಕೊಂಡರೂ ಸೋಪು ಕೊಂಡರೂ ತೆರಿಗೆ ಹೋಗುತ್ತದೆ, ಊರಿನ ರೋಡು ಆ ದುಡ್ಡಿನಲ್ಲೂ ಆಗುತ್ತದೆ. ಇನ್ನೊಂದು ನೋಡಿ, 2006-07ರಲ್ಲಿ ನಮ್ಮ ಸರ್ಕಾರವೇ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು, ಹಳ್ಳಿಯ ಹುಡುಗಿಯರು ಹೈಸ್ಕೂಲಿಗೆ ಹೋಗಲಿ ಅಂತ. ಎಷ್ಟು ಮಂದಿ ಹುಡುಗಿಯರು ಲಾರಿಗಳ ಬಾಜು ಆ ಸೈಕಲ್ ತುಳಿದು ಓದಿದರು. ಅವರಿಗೂ ಮೇನ್ ರೋಡಿಗೆ ಬರಬೇಡಿ ಅನ್ನೋಣವೇ? ಬೇರೆ ರೋಡು ಎಲ್ಲಿದೆ?

ದಾಟುವ ಲೆಕ್ಕ ಸ್ವಲ್ಪ ಹೇಳುತ್ತೇನೆ, ಲೆಕ್ಕದವನಲ್ವಾ ನಾನು. 40 ಕಿಲೋಮೀಟರ್ ವೇಗ ಅಂದರೆ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು, ಅಷ್ಟರಲ್ಲಿ ಹೆಚ್ಚು ಕಡಿಮೆ ಮೂರು ಕಾರಿನ ಉದ್ದ ಮುಂದೆ ಹೋಗಿರುತ್ತೀರಿ. ಜರ್ಮನಿಯಲ್ಲಿ 2020ರಿಂದ ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಜಾಗ ಬಿಡಲೇಬೇಕು. ಒಂದೂವರೆ ಮೀಟರ್ ಅಂದರೆ ಕಾರಿನ ಬಾಗಿಲು ಪೂರ್ತಿ ತೆಗೆದಷ್ಟು, ಮೇಲೆ ಒಂದು ಮೊಳ. ಅಷ್ಟು ಜಾಗ ಗಂಜಿನಲ್ಲಿ ಎಲ್ಲಿಂದ ತರಲಿ ಅಂತೀರಿ, ಗೊತ್ತು. ಇಲ್ಲದಿದ್ದರೆ ದಾಟಬೇಡಿ, ಅಷ್ಟೇ. ಹಿಂದೆ ನಿಧಾನಕ್ಕೆ ಹೋಗಿ, ಮುಂದಿನ ಅಂಗಡಿ ಸಾಲು ಮುಗಿದ ಕಡೆ ದಾಟಿ. ಮುಂದೆ ಸಿಗ್ನಲ್‌ನಲ್ಲಿ ಹೇಗೂ ಅವನೇ ಬಂದು ನಿಮ್ಮ ಬಾಜು ನಿಲ್ಲುತ್ತಾನೆ. 2019ರ ತಿದ್ದುಪಡಿ ಆದ ಮೇಲೆ ಕಾಯ್ದೆಯ 184ನೇ ಕಲಮಿನಲ್ಲಿ ನಿಯಮ ಮೀರಿ ಓವರ್‌ಟೇಕ್ ಮಾಡುವುದೂ ಅಪಾಯದ ಡ್ರೈವಿಂಗೇ, ಮೊದಲ ಸಲ 1,000ದಿಂದ 5,000 ರೂಪಾಯಿ ದಂಡ. ಎದುರು ದಿಕ್ಕಿನಲ್ಲಿ ಬರುವುದೂ, ಫೋನ್ ಕೈಯಲ್ಲಿ ಹಿಡಿಯುವುದೂ ಅದರಲ್ಲೇ ಬರುತ್ತದೆ.

ತಮ್ಮಾ, ನಗಬೇಡ, ಈಗ ನಿನ್ನ ಸರದಿ. ಸೈಕಲ್‌ನವರು ರಾಂಗ್ ಸೈಡಿನಲ್ಲಿ ಬರುವುದು ನನಗೂ ಸೇರುವುದಿಲ್ಲ. ಎದುರಿನಿಂದ ಬಂದರೆ ಗಾಡಿ ಕಾಣುತ್ತದೆ ಅಂತ ಅವರ ವಾದ. ಆದರೆ ಹಿಂದಿನಿಂದ ಬರುವ 50ರ ಗಾಡಿಗೂ 15ರ ಸೈಕಲ್‌ಗೂ ಇರುವ ವೇಗದ ಅಂತರ 35 ಕಿಲೋಮೀಟರ್, ಎದುರುಬದುರು ಆದರೆ ಅದೇ 65 ಆಗುತ್ತದೆ. ಇನ್ನು ನೀನೂ ನಿನ್ನ ಗೆಳೆಯರೂ ಸೇಡಂ ರೋಡಿನಲ್ಲಿ ನಸುಕಿಗೆ ಇಬ್ಬಿಬ್ಬರು ಜೋಡಿಯಾಗಿ ಮಾತಾಡುತ್ತಾ, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಹೋಗುತ್ತೀರಿ. ಆ ಕಡೆ ಸಿಮೆಂಟ್ ಫ್ಯಾಕ್ಟರಿಗಳ ಟ್ಯಾಂಕರ್ ಲಾರಿ ಓಡುತ್ತವೆ. ಅಷ್ಟು ಎತ್ತರದಲ್ಲಿ ಕೂತ ಡ್ರೈವರ್‌ಗೆ ತನ್ನ ಎಡ ಮಗ್ಗುಲಿಗೆ ಅಂಟಿಕೊಂಡ ಸೈಕಲ್ ಕಾಣುವುದೇ ಇಲ್ಲ. ಲಾರಿ ಎಡಕ್ಕೆ ತಿರುಗಿದರೆ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಬರುತ್ತದೆ. ಸಿಗ್ನಲ್‌ನಲ್ಲಿ ನಿಂತ ಲಾರಿಯ ಎಡಕ್ಕೆ ಸಂದಿ ಇದೆ ಅಂತ ಯಾವತ್ತೂ ನುಗ್ಗಬೇಡ. ಹಿಂದೆ ನಿಲ್ಲು. 2022ರಲ್ಲಿ ದೇಶದ ರೋಡುಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಸೈಕಲ್‌ನವರೇ ನಾಲ್ಕು ಸಾವಿರಕ್ಕಿಂತ ಜಾಸ್ತಿ.

ಮಿಲ್ಲಿನಲ್ಲಿ ನಾವು ಒಂದು ಕೆಲಸ ಮಾಡಿದೆವು. ಲಾರಿ ಹಿಂದೆ ಅಂಟಿಸುವ ಹೊಳೆಯುವ ಟೇಪ್ ಒಂದು ರೋಲ್ ತಂದು, ಗೇಟಿನಲ್ಲಿ ಕೂತು ಸೈಕಲ್‌ಗಳಿಗೆ ಅಂಟಿಸಿದೆವು. ಹಿಂದಿನ ಮಡ್ಗಾರ್ಡಿಗೆ ಒಂದು ತುಂಡು, ಎರಡೂ ಪೆಡಲ್ ಹಿಂದೆ ಒಂದೊಂದು. ಪೆಡಲ್ ಮೇಲೆ ಕೆಳಗೆ ಆಡುತ್ತದಲ್ಲ, ಹೆಡ್‌ಲೈಟ್ ಬಿದ್ದರೆ ದೂರದಿಂದಲೇ ಸೈಕಲ್ ಅಂತ ಗೊತ್ತಾಗುತ್ತದೆ. ಒಬ್ಬ ಹಿರಿಯರು "ಹೊಸ ಮದುಮಗನ ಸೈಕಲ್ ಮಾಡಿಬಿಟ್ಟಿರಿ" ಅಂತ ನಕ್ಕರು. ರೋಲಿನಲ್ಲಿ ಇನ್ನೂ ಅರ್ಧ ಉಳಿದಿದೆ. ತಮ್ಮಾ, ನಿನ್ನ ಸೈಕಲ್ ಗುಂಪಿನ ಹುಡುಗರು ಭಾನುವಾರ ಗಂಜಿಗೆ ಬರಲಿ, ಅಲ್ಲಿಯ ಹಮಾಲರ ಸೈಕಲ್‌ಗೂ ಹಚ್ಚೋಣ. ಡಿಸೆಂಬರ್‌ನಲ್ಲಿ ತೊಗರಿ ಬರಲು ಶುರುವಾದರೆ ಹಿಂದೆ ಲೈಟೇ ಇಲ್ಲದ ಟ್ರಾಕ್ಟರ್‌ಗಳೂ ಸೇರಿಕೊಳ್ಳುತ್ತವೆ, ಅವುಗಳ ಟ್ರಾಲಿಗೂ ಆಗುತ್ತದೆ.

ಕಾಕಾ, ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಮಾತು ಗಂಜಿನ ಅಂಗಡಿಯವರು ಕೇಳುತ್ತಾರೆ, ನನ್ನ ಮಾತು ಕೇಳುವುದಿಲ್ಲ. ಬೈಕ್‌ಗಳನ್ನು ಗಟಾರದ ಆಚೆ ನಿಲ್ಲಿಸಲು ಹೇಳಿಸಿ, ಉಸುಕಿನ ರಾಶಿ ತೆಗೆಸಿ. ರೋಡಿನ ಅಂಚಿನ ಕಡಕಿಗೆ ಮಣ್ಣು ಹಾಕಿ ಸಮ ಮಾಡಿ ಅಂತ ಮಹಾನಗರ ಪಾಲಿಕೆಗೆ ಒಂದು ಅರ್ಜಿ ಬರೆಯುತ್ತೇನೆ. ವೈನಿ ಅಕ್ಷರ ಚೆಂದ, ಅವರೇ ಬರೆದರೆ ಇನ್ನೂ ಒಳ್ಳೆಯದು. ಫೋಟೋ ಬೇಕು, ಯಾರಾದರೂ ಹಗಲಲ್ಲಿ ತೆಗೆದು ಗ್ರೂಪಿಗೆ ಹಾಕಿ, ಅಂಗಡಿ ಬೋರ್ಡ್ ಕಾಣದ ಹಾಗೆ. ಸೋಮವಾರ ಹನ್ನೊಂದಕ್ಕೆ ನಾನು ಪಾಲಿಕೆ ಕಡೆ ಹೋಗುವವನಿದ್ದೇನೆ, ಸಹಿ ಹಾಕುವವರು ಭಾನುವಾರ ರಾತ್ರಿಯೊಳಗೆ ಹೇಳಿ.