ವಿಟ್ಲಕೋಚೆಗೆ ‘ಜೋಳದ ಅಣಬೆ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋದ ಅಡುಗೆಗಳ ಬಗ್ಗೆ ಒಂದು ಅನುವಾದದ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ವಿಟ್ಲಕೋಚೆ ಎಂಬ ಪದಾರ್ಥ ಬಂದ ಕಡೆಯಲ್ಲೆಲ್ಲ ಅನುವಾದಕರು ‘ಜೋಳದ ಅಣಬೆ’ ಎಂದು ಹಾಕಿದ್ದಾರೆ. ಓದೋಕೇನೋ ಸಲೀಸು. ನನ್ನ ತಕರಾರು ಆ ಎರಡೂ ಪದಗಳ ಮೇಲಿದೆ.

ಮೆಕ್ಕೆಜೋಳದ ತೆನೆಗೆ ಉಸ್ಟಿಲಾಗೋ ಮೇಯ್ಡಿಸ್ ಎಂಬ ಶಿಲೀಂಧ್ರ ತಗುಲಿದರೆ ಕಾಳುಗಳು ಮನಬಂದಂತೆ ಊದಿಕೊಂಡು, ಮುಸುಕು ಬಿರಿಯುವಂತೆ ಹೊರಗೆ ಚಾಚುತ್ತವೆ. ಮೇಲೆ ಬೂದಿ ಮೆತ್ತಿದ ಬೆಳ್ಳಿಯಂಥ ತೆಳು ಪೊರೆ, ಒಳಗೆ ಕರ್ರಗಿನ ಮೆತ್ತನೆ ತಿರುಳು. ಇದೇ ವಿಟ್ಲಕೋಚೆ. ಸೋಂಕು ತಗುಲಿ ಎರಡು ಮೂರು ವಾರವಾದಾಗ, ಇನ್ನೂ ತೇವ ಇರುವಾಗಲೇ ಕೊಯ್ಯಬೇಕು. ತಡವಾದರೆ ತಿರುಳೆಲ್ಲ ಒಣಗಿ ಬೀಜಕಣಗಳ ಕರಿ ಪುಡಿಯಾಗುತ್ತದೆ, ಅಡುಗೆಗೆ ಬಾರದು. ಮಧ್ಯ ಮೆಕ್ಸಿಕೋದ ಸಂತೆಗಳಿಗೆ ಇದು ಮಳೆಗಾಲದ ಸರಕು. ಉಳಿದ ದಿನಗಳಲ್ಲಿ ಡಬ್ಬಿಯದೇ ಗತಿ.

ಈಗ ‘ಅಣಬೆ’ಗೆ ಬರೋಣ. ಇದಕ್ಕೆ ಕೊಡೆಯಿಲ್ಲ, ಕಾಂಡವಿಲ್ಲ. ತೆನೆಯ ಮೇಲೆ ಬೇರೆಯಾಗಿ ಹುಟ್ಟಿದ್ದೂ ಅಲ್ಲ. ಕಾಳೂ ಶಿಲೀಂಧ್ರವೂ ಕೂಡಿ ಆದ ಗಂಟು. ರುಚಿಯಲ್ಲಿ ಮಣ್ಣಿನ ಘಮದ ಜತೆಗೆ ಎಳೆ ತೆನೆಯ ಸಿಹಿ ಇರುವುದೂ ಅದಕ್ಕೇ. ಕರಡಿನಲ್ಲಿ ‘ಅಣಬೆ ತೊಳೆದು ಹೆಚ್ಚಿಕೊಳ್ಳಿ’ ಎಂದಿದೆ. ಇದನ್ನು ಓದಿದ ಗೃಹಿಣಿ ಅಂಗಡಿಗೆ ಹೋಗಿ ಬಿಳಿ ಬಟನ್ ಅಣಬೆ ತರುತ್ತಾರೆ, ಅವರ ತಪ್ಪೇನಿಲ್ಲ. ಮೆಕ್ಸಿಕೋದಲ್ಲಿ ಮಾಡುವುದು, ಚಾಕುವಿನಿಂದ ಗಂಟುಗಳನ್ನು ತೆನೆಯ ದಿಂಡಿನಿಂದ ಬಿಡಿಸಿಕೊಳ್ಳುವ ಕೆಲಸ.

‘ಜೋಳ’ದ ತೊಡಕು ಇನ್ನೂ ದೊಡ್ಡದು. ಬೆಂಗಳೂರಿನಲ್ಲಿ ಬೀದಿಬದಿ ಸುಟ್ಟು ಮಾರುವ ತೆನೆಯೂ ಜೋಳವೇ, ಆದರೆ ಧಾರವಾಡ, ವಿಜಯಪುರದ ಕಡೆ ಬರಿ ‘ಜೋಳ’ ಅಂದರೆ ರೊಟ್ಟಿಯ ಜೋಳ. ಮತ್ತೊಂದಕ್ಕೆ ಗೋವಿನಜೋಳ, ಮುಸುಕಿನಜೋಳ, ಮೆಕ್ಕೆಜೋಳ ಎಂದು ಬೇರೆ ಬೇರೆ ಹೆಸರುಗಳಿವೆ. ಬಿಳಿಜೋಳದ ತೆನೆಗೂ ಕಾಡಿಗೆ ರೋಗ ಬರುತ್ತದೆ, ಅದು ಬೇರೆಯೇ ಶಿಲೀಂಧ್ರ. ಸಜ್ಜೆಯ ತೆನೆಗೆ ಬರುವ ಇರ್ಗಾಟ್ ಎಂಬ ಶಿಲೀಂಧ್ರ ಅಂತೂ ವಿಷ. ತಿನ್ನುವ ವಸ್ತುವಿನ ಹೆಸರಿನಲ್ಲಿ ಇಷ್ಟು ಸಡಿಲ ಇರಬಾರದು ಎಂಬುದು ನನ್ನ ಅಭಿಪ್ರಾಯ. ಶೈಲಿಗಾಗಿ ಅಲ್ಲ, ಹೊಟ್ಟೆಗಾಗಿ.

ನನಗೆ ಹಿಡಿಸಿರುವುದು ‘ಕಾಡಿಗೆ’. ನಮ್ಮ ಕೃಷಿ ಬರಹಗಳಲ್ಲಿ ಈ ಜಾತಿಯ ರೋಗಗಳಿಗೆ ಕಾಡಿಗೆ ರೋಗವೆಂಬ ಹೆಸರು ಆಗಲೇ ನೆಲೆಯೂರಿದೆ. ಬಣ್ಣಕ್ಕೂ ಅದೇ ಸರಿ, ಮುಟ್ಟಿದ ಕೈ ಕಪ್ಪಾಗುವುದಕ್ಕೂ ಅದೇ ಸರಿ. ‘ರೋಗ’ ಬಿಟ್ಟು ‘ಮೆಕ್ಕೆಜೋಳದ ಕಾಡಿಗೆ’ ಎಂದರೆ ಪಾಕವಿಧಾನಕ್ಕೂ ಒಗ್ಗುತ್ತದೆ. ‘ಕಾಡಿಗೆ ತಿನ್ನುವುದೇ?’ ಎಂದು ಮೂಗು ಮುರಿಯುವವರು ಇರುತ್ತಾರೆ, ಗೊತ್ತು. ಮೂಲ ಹೆಸರು ಅದಕ್ಕಿಂತ ಮರ್ಯಾದಸ್ಥವೇನಲ್ಲ. ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಕುಯಿತ್ಲಾತ್ಲ್ ಎಂದರೆ ಹೇಲು. ಪದದ ಮುಂಭಾಗ ಅದೇ. ಹಿಂಭಾಗದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಇದನ್ನು ತುಂಬಿದ ಕೇಸಡಿಯಾ ಎಂಬ ಮಡಚಿದ ರೊಟ್ಟಿ ತಿನ್ನುವ ಮೆಕ್ಸಿಕೋದವರು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕರಡಿನ ಇನ್ನೊಂದು ಪುಟದಲ್ಲಿ ‘ಮೆಕ್ಸಿಕನ್ ಟ್ರಫಲ್’ ಎಂದೂ ಇದೆ. ಅದು ಅಮೆರಿಕದವರನ್ನು ಒಲಿಸಿಕೊಳ್ಳಲು ಇಟ್ಟ ಹೆಸರು. 1989ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಏರ್ಪಡಿಸಿದ್ದ ಔತಣಕ್ಕೆ ರೋಸಾ ಮೆಹಿಕಾನೋ ಹೋಟೆಲಿನ ಹೊಸೆಫೀನಾ ಹೋವರ್ಡ್ ವಿಟ್ಲಕೋಚೆಯ ಅಡುಗೆ ಮಾಡಿದ್ದರು, ಆಗ ಈ ಹೆಸರಿಗೆ ಪ್ರಚಾರ ಸಿಕ್ಕಿತು. ಟ್ರಫಲ್ ಅಂದರೆ ನೆಲದಡಿ ಬೆಳೆಯುವ ದುಬಾರಿ ಶಿಲೀಂಧ್ರ. ಅದೇನೆಂದೇ ಅರಿಯದ ಕನ್ನಡ ಓದುಗರಿಗೆ ಇದರಿಂದ ಪ್ರಯೋಜನವಿಲ್ಲ. ನಾನು ಹೊಡೆದುಹಾಕಿದ್ದೇನೆ.

ಕ್ರಿಯಾಪದಗಳಲ್ಲೂ ಒಂದು ಗೊಂದಲ. ಕರಡು ‘ಹುರಿಯಿರಿ’ ಅನ್ನುತ್ತದೆ. ಅಲ್ಲಿನ ಕ್ರಮ ಹೀಗೆ: ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ಬೇಕಾದರೆ ಒಂದಿಷ್ಟು ಮೆಕ್ಕೆಜೋಳದ ಎಳೆ ಕಾಳು ಹಾಕಿ, ಆಮೇಲೆ ಬಿಡಿಸಿದ ಗಂಟುಗಳನ್ನು ಸೇರಿಸುತ್ತಾರೆ. ನೀರು ಹಾಕುವುದಿಲ್ಲ. ಉಪ್ಪು ಬಿದ್ದೊಡನೆ ಅದೇ ಕಪ್ಪು ನೀರು ಬಿಟ್ಟುಕೊಂಡು, ಬಾಣಲೆಯೆಲ್ಲ ಮಸಿಯಾಗಿ, ಸಣ್ಣ ಉರಿಯಲ್ಲಿ ತನ್ನ ನೀರಲ್ಲೇ ಬೆಂದು ಗಟ್ಟಿಯಾಗುತ್ತದೆ. ಕೊನೆಗೆ ಎಪಸೋತೆ ಸೊಪ್ಪು. ನಮ್ಮ ಚಕ್ಕೋತ ಸೊಪ್ಪಿನ ಕುಟುಂಬದ್ದೇ, ವಾಸನೆ ಮಾತ್ರ ಬಲು ಖಾರ. ಹುರಿಯುವುದು ಅಂದರೆ ನನ್ನ ಕಿವಿಗೆ ರವೆ, ಶೇಂಗಾ, ಒಣಗಿದ್ದು. ಇಲ್ಲಿ ‘ಬಾಡಿಸಿ, ನೀರಿಂಗುವವರೆಗೆ ಬೇಯಿಸಿ’ ಎಂದು ತಿದ್ದಿದ್ದೇನೆ. ಈ ಪಲ್ಯವನ್ನು ತೋರ್ತಿಯಾ ಎಂಬ ಮೆಕ್ಕೆಜೋಳದ ರೊಟ್ಟಿಯೊಳಗಿಟ್ಟು ಮಡಚಿ ಕಾವಲಿಯ ಮೇಲೆ ಬೇಯಿಸಿದರೆ ಕೇಸಡಿಯಾ. ಹೆಸರಿನಲ್ಲಿ ಕೇಸೋ, ಅಂದರೆ ಚೀಸ್ ಇದ್ದರೂ ಮೆಕ್ಸಿಕೋ ಸಿಟಿಯಲ್ಲಿ ಕೇಳಿದರಷ್ಟೇ ಚೀಸ್ ಹಾಕುತ್ತಾರೆ. ಹಾಗಾಗಿ ಅನುವಾದಕರು ಕಟ್ಟಿದ ‘ಚೀಸ್‌ರೊಟ್ಟಿ’ಯನ್ನೂ ಬಿಟ್ಟೆ.

ನನ್ನ ಪ್ರಶ್ನೆಗಳು ಎರಡು. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮೆಕ್ಕೆಜೋಳ ಬೆಳೆಯುವವರು ಹೀಗೆ ಊದಿ ಕಪ್ಪಾದ ತೆನೆಗೆ ‘ಕಾಡಿಗೆ’ ಅಂತಲೇ ಅನ್ನುತ್ತಾರೋ, ಬೇರೆ ಮಾತಿದೆಯೋ? ಇದ್ದರೆ ದಯವಿಟ್ಟು ಊರಿನ ಹೆಸರಿನ ಸಮೇತ ತಿಳಿಸಿ.

ಎರಡನೆಯದು ಬರವಣಿಗೆಯದು. ಮೆಕ್ಸಿಕೋದವರ ಉಚ್ಚಾರಕ್ಕೆ ‘ವಿತ್ಲಕೋಚೆ’ ಹೆಚ್ಚು ಹತ್ತಿರ. ಆದರೂ ‘ವಿಟ್ಲ’ ನಮ್ಮ ನಾಲಿಗೆಗೆ ಸುಲಭ ಎಂದು ಹಾಗೇ ಬರೆದಿದ್ದೇನೆ. ಪುತ್ತೂರಿನ ಗೆಳೆಯರೊಬ್ಬರು ಕರಡು ನೋಡಿ, ಇದು ನಮ್ಮ ವಿಟ್ಲದ ತಿಂಡಿಯಾ ಎಂದು ಕೇಳಿದರು. ಟಕಾರವನ್ನೇ ಉಳಿಸಲೋ, ತಕಾರಕ್ಕೆ ಬದಲಿಸಲೋ?