ಸಹಾಯ ಬೇಕು: ಶಿಕಾಗೊದಲ್ಲಿ ಹಳೇ ಇಟ್ಟಿಗೆ ಮನೆ, ಚಳಿಗಾಲಕ್ಕೆ ಮುಂಚೆ ಗೋಡೆ ರಿಪೇರಿ
ಎಲ್ಲರಿಗೂ ನಮಸ್ಕಾರ. ನಮ್ಮದು 1926ರ ಇಟ್ಟಿಗೆ ಬಂಗಲೆ. ಕಳೆದ ಚಳಿಗಾಲ ಮುಗಿಯೋ ಹೊತ್ತಿಗೆ ಉತ್ತರದ ಗೋಡೆಯಲ್ಲಿ, ಚಾವಣಿ ಅಂಚಿನ ಮಳೆನೀರಿನ ಗಟರ್ ಸೋರುತ್ತಿದ್ದ ಕಡೆ, ಹತ್ತು ಹನ್ನೆರಡು ಇಟ್ಟಿಗೆಗಳ ಮುಖವೇ ಚಕ್ಕೆಯಾಗಿ ಉದುರಿದೆ. ಒಳಗಿಳಿದ ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತಲ್ಲ, ಅದರ ಕೆಲಸ. ಗಟರ್ ಸರಿಮಾಡಿಸಿದೆವು. ಆದರೆ ಸಂದಿನ ಗಾರೆ ಬೆರಳಲ್ಲಿ ಕೆರೆದರೂ ಪುಡಿಯಾಗುತ್ತೆ.

ನೋಡೋಕೆ ಬಂದ ಮೇಸ್ತ್ರಿ, ಸಿಮೆಂಟ್ ತುಂಬಿ ಮೇಲೆ ಸೀಲರ್ (ನೀರು ಒಳಗಿಳಿಯದಂತೆ ಬಳಿಯೋ ಲೇಪ) ಹೊಡೀತೀನಿ ಅಂತಾರೆ. ನನಗೆ ಅದೇ ಭಯ. ಹಳೇ ಮೆತ್ತನೆ ಇಟ್ಟಿಗೆ ನಡುವೆ ಗಟ್ಟಿ ಸಿಮೆಂಟ್ ಕೂತರೆ ತೇವ ಸಂದಿನಿಂದ ಹೊರಬರೋದಿಲ್ಲ, ಆಮೇಲೆ ಇಟ್ಟಿಗೆಯೇ ಒಡೆಯುತ್ತೆ.

ಈ ಕಡೆ ಸುಣ್ಣದ ಗಾರೆಯಲ್ಲೇ ಮಾಡಿಸಿದವರು ಯಾರಾದರೂ ಇದ್ದೀರಾ? ಚದರಡಿಗೆ ಎಷ್ಟಾಯ್ತು? ಹೊಂದುವ ಹಳೇ ಇಟ್ಟಿಗೆ ಎಲ್ಲಿ ಸಿಗುತ್ತೆ? ರಾತ್ರಿ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯೋ ಮೊದಲೇ ಮುಗಿಸಬೇಕು, ದಯವಿಟ್ಟು ಬೇಗ ತಿಳಿಸಿ.